ಕಂಕುಳಲ್ಲಿ ಕೂಸು, ಮುಂದೆ ಹದಿನೆಂಟು ಗಂಟೆಯ ಹಾರಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳು ಹುಟ್ಟಿದ್ದು ಮೈಸೂರಿನಲ್ಲಿ, ತವರಿನಲ್ಲಿ. ಬಾಣಂತನ ಮುಗಿಸಿಕೊಂಡು, ಐದು ತಿಂಗಳ ಅವಳನ್ನು ಎತ್ತಿಕೊಂಡು ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮಾರ್ಗವಾಗಿ ಬಾಸ್ಟನ್‌ಗೆ ಒಬ್ಬಳೇ ಹೋದೆ. ಮೂರು ವರ್ಷದ ಮೇಲೆ ಮಗ ಅಲ್ಲಿಯೇ ಹುಟ್ಟಿದ. ಏಳನೆಯ ತಿಂಗಳಲ್ಲಿ ಅವನನ್ನು ಅಜ್ಜಿ-ತಾತನಿಗೆ ತೋರಿಸಲು ಊರಿಗೆ ಕರೆತಂದೆವು. ಅಂದಿನಿಂದ ನೆಂಟರ ಹೆಣ್ಣುಮಕ್ಕಳು, ಗೆಳತಿಯರು, ಅವರ ಗೆಳತಿಯರು ಹೊರಡುವ ತಿಂಗಳ ಮೊದಲು ನನಗೆ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ವಿಮಾನ ಸಂಸ್ಥೆಗಳ ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ಕೊಳ್ಳುವ ದಿನ ನಿಮ್ಮ ಸಂಸ್ಥೆಯ ನಿಯಮವನ್ನೊಮ್ಮೆ ಓದಿಕೊಳ್ಳಿ. ಆರೋಗ್ಯದ ವಿಷಯದಲ್ಲಿ ನಿಮ್ಮ ಮಗುವನ್ನು ನೋಡುತ್ತಿರುವ ಮಕ್ಕಳ ವೈದ್ಯರ ಮಾತೇ ಕೊನೆಯ ಮಾತು.

ಮಗುವಿಗೆ ಎಷ್ಟು ತಿಂಗಳಾದ ಮೇಲೆ ಹೊರಡಬಹುದು?

ಹುಟ್ಟಿ ಒಂದು ವಾರವೂ ಆಗದ ಮಗುವನ್ನು ಬಹುತೇಕ ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದಿಲ್ಲ. ಆದರೆ ಹತ್ತಿಸಿಕೊಳ್ಳುತ್ತಾರೆ ಎಂಬುದೇ ಹೊರಡಲು ಕಾರಣವಾಗಬಾರದು. ಅನಿವಾರ್ಯವಲ್ಲದಿದ್ದರೆ ಎರಡು ಮೂರು ತಿಂಗಳಾದರೂ ತುಂಬಲಿ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೂ ಅದು ಕೂಡಲೇ ವೈದ್ಯರು ನೋಡಬೇಕಾದ ವಿಷಯ, ಅಟ್ಲಾಂಟಿಕ್ ಸಾಗರದ ಮೇಲೆ ಅದು ಸಾಧ್ಯವಿಲ್ಲ. ನಮ್ಮಲ್ಲಿ 6, 10 ಮತ್ತು 14ನೆಯ ವಾರಗಳಲ್ಲಿ ಲಸಿಕೆಗಳಿವೆ. 14ನೆಯ ವಾರದ್ದು ಮುಗಿದು ಒಂದೆರಡು ವಾರ ಕಳೆದ ಮೇಲೆ ಹೊರಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ನನ್ನನ್ನು ಕೇಳಿದರೆ ನಾಲ್ಕರಿಂದ ಏಳು ತಿಂಗಳ ನಡುವೆ ಹೊರಡಿ. ಕತ್ತು ನಿಂತಿರುತ್ತದೆ, ಅಂಬೆಗಾಲಿನ ಆಸೆ ಇನ್ನೂ ಹುಟ್ಟಿರುವುದಿಲ್ಲ. ಹತ್ತು ತಿಂಗಳ ಮೇಲಿನ ಮಗುವಿಗೆ ಇಳಿಯಬೇಕು, ನಡೆಯಬೇಕು, ಮುಂದಿನವರ ಕೂದಲು ಹಿಡಿಯಬೇಕು. ಅವಧಿಗೆ ಮುನ್ನ ಹುಟ್ಟಿದ ಮಗು, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ಮಗು ಆದರೆ ಈ ಲೆಕ್ಕ ಯಾವುದೂ ಬೇಡ. ನೇರವಾಗಿ ವೈದ್ಯರ ಬಳಿ ಹೋಗಿ. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. ಅದರ ನೆತ್ತಿಯ ಮೇಲೆ, ಕೆಲವೊಮ್ಮೆ ಇನ್ನೂ ಮೇಲೆ, ಹತ್ತು ಗಂಟೆ ಕೂತಂತೆ. ಆರೋಗ್ಯವಂತ ಮಗು ಇದನ್ನು ತಾಳಿಕೊಳ್ಳುತ್ತದೆ.

ದಡಾರದ ಲಸಿಕೆ ಒಂಬತ್ತು ತಿಂಗಳಿಗೆ. ಅಷ್ಟರೊಳಗೆ ಪ್ರಯಾಣವಿದ್ದರೆ?

ವಿದೇಶ ಪ್ರಯಾಣ ಮಾಡುವ 6ರಿಂದ 11 ತಿಂಗಳ ಮಕ್ಕಳಿಗೆ ಮುಂಚಿತವಾಗಿ ಒಂದು ಡೋಸ್ ಹಾಕಿಸಬೇಕೆಂದು ಅಮೆರಿಕದ ಆರೋಗ್ಯ ಇಲಾಖೆಯ ಸಲಹೆ. ನನ್ನ ಮಗನಿಗೆ ಹೊರಡುವ ಮೂರು ವಾರ ಮೊದಲೇ ಹಾಕಿಸಿದೆವು. ಈ ಡೋಸ್ ಅಲ್ಲಿನ ಮುಂದಿನ ವೇಳಾಪಟ್ಟಿಯ ಲೆಕ್ಕಕ್ಕೆ ಸೇರುವುದಿಲ್ಲ, ವರ್ಷ ತುಂಬಿದ ಮೇಲೆ ಎರಡೂ ಡೋಸ್‌ಗಳನ್ನು ಮತ್ತೆ ಹಾಕಿಸಬೇಕು.

ಬಾಣಂತಿಗೆ ಏನಾದರೂ ಅಪಾಯವಿದೆಯೇ?

ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಮಗುವಿನದೇ ಚಿಂತೆ. ಆದ್ದರಿಂದ ನಾನೇ ಸೇರಿಸುತ್ತಿದ್ದೇನೆ. ಹೆರಿಗೆಯಾದ ಮೊದಲ ಆರು ವಾರಗಳಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು. ಗಂಟೆಗಟ್ಟಲೆ ಕಾಲು ಮಡಿಚಿ ಕೂರುವುದು ಅದಕ್ಕೆ ಸೇರಿಕೊಂಡರೆ ಒಳ್ಳೆಯದಲ್ಲ. ಆಮೇಲೆ ಹೊರಟರೂ ಗಂಟೆ ಎರಡು ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ, ವೈದ್ಯರು ಹೇಳಿದ್ದರೆ ಬಿಗಿಯಾದ ಕಾಲುಚೀಲ ಹಾಕಿಕೊಳ್ಳಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಆಯಾಸವೆಂದು ತಳ್ಳಿಹಾಕದೆ ಆಸ್ಪತ್ರೆಗೆ ಹೋಗಿ.

ನಾಮಕರಣವೇ ಆಗಿಲ್ಲ. ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಬಹುದೇ?

ಹೆಸರಿಲ್ಲದೆ ಪಾಸ್‌ಪೋರ್ಟ್ ಇಲ್ಲ. ಆಸ್ಪತ್ರೆಯಿಂದ ಜನನ ನೋಂದಣಿಯಾಗುವಾಗ ಹೆಸರಿನ ಜಾಗ ಖಾಲಿ ಬಿಡುವುದು ನಮ್ಮ ರೂಢಿ. ನೋಂದಣಿ 21 ದಿನಗಳೊಳಗೆ ಆಗಬೇಕು, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರ ಪಾಸ್‌ಪೋರ್ಟ್‌ಗೆ ಜನ್ಮದಿನಾಂಕದ ಆಧಾರವಾಗಿ ಜನನ ಪ್ರಮಾಣಪತ್ರ ಒಂದೇ ನಡೆಯುತ್ತದೆ. ಹಾಗಾಗಿ ತೊಟ್ಟಿಲು ಶಾಸ್ತ್ರವನ್ನು ಮೂರನೆಯ ತಿಂಗಳಿಗೆ ಇಟ್ಟುಕೊಂಡಿದ್ದರೂ ಹೆಸರನ್ನು ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಿಬಿಡಿ. ಕಾಗದದಲ್ಲಿ ಹೆಸರು ಬಂದ ಮಾತ್ರಕ್ಕೆ ಶಾಸ್ತ್ರದ ದಿನ ಕಿವಿಯಲ್ಲಿ ಹೆಸರು ಹೇಳುವ ಸಂಭ್ರಮ ಕಡಿಮೆಯಾಗುವುದಿಲ್ಲ.

ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಘೋಷಣಾ ಪತ್ರ ಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಿಳಿಯ ಹಿನ್ನೆಲೆಯ ಫೋಟೊ ಒಯ್ಯಬೇಕು. ಮಂಚದ ಮೇಲೆ ಬಿಳಿ ಬಟ್ಟೆ ಹಾಸಿ, ಮಗುವನ್ನು ಅಂಗಾತ ಮಲಗಿಸಿ, ಮೇಲಿನಿಂದ ತೆಗೆಯಿರಿ. ಕಣ್ಣು ತೆರೆದಿರಬೇಕು, ಹಿಡಿದುಕೊಂಡವರ ಕೈ ಕಾಣಬಾರದು. ಆ ಐದು ನಿಮಿಷದ ಮಟ್ಟಿಗೆ ಕೆನ್ನೆಯ ದೃಷ್ಟಿಬೊಟ್ಟನ್ನೂ ಒರೆಸಿ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ.

ನಮ್ಮಲ್ಲಿ ಮನೆತನದ ಹೆಸರಿಲ್ಲ, ಇನಿಷಿಯಲ್ ಮಾತ್ರ. ಮಗುವಿನ ಹೆಸರನ್ನು ಹೇಗೆ ಬರೆಸಬೇಕು?

ಎರಡು ಪದ ಬರೆಸಿ, ದಯವಿಟ್ಟು. ನಮ್ಮ ಕಡೆ ಇನಿಷಿಯಲ್‌ನಲ್ಲಿ ಊರಿನ ಹೆಸರು, ತಂದೆಯ ಹೆಸರು ಅಡಗಿರುತ್ತದೆ, ಮಗುವಿಗೆ ಒಂದೇ ಪದದ ಹೆಸರಿಟ್ಟು ಮುಗಿಸುತ್ತೇವೆ. ಪಾಸ್‌ಪೋರ್ಟ್‌ನ ಮನೆತನದ ಕಾಲಂ ಖಾಲಿ ಉಳಿದರೆ ಅಮೆರಿಕದ ವೀಸಾದಲ್ಲಿ 'ಮೊದಲ ಹೆಸರು ಗೊತ್ತಿಲ್ಲ' ಎಂಬ ಅರ್ಥದ ಮೂರು ಅಕ್ಷರಗಳು ಮಗುವಿನ ಹೆಸರಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಶಾಲೆ, ಬ್ಯಾಂಕ್, ವಿಮೆ ಎಲ್ಲ ಕಡೆಯೂ ಅದೇ ಗೋಳು. ಸಂಯುಕ್ತ ಅರಬ್ ಸಂಸ್ಥಾನವಂತೂ 2022ರ ನವೆಂಬರ್‌ನಿಂದ ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶ ಕೊಡುವುದನ್ನೇ ನಿಲ್ಲಿಸಿತು. ತಂದೆಯ ಹೆಸರನ್ನೋ ತಾಯಿಯ ಹೆಸರನ್ನೋ ಎರಡನೆಯ ಪದವಾಗಿ ಪೂರ್ತಿ ಬರೆಸಿ. ನಾವು ಮಗಳಿಗೆ ಇದನ್ನು ಮಾಡಿರಲಿಲ್ಲ. ಮಗನಿಗೆ ಮಾಡಿದೆವು.

ಮಗು ಅಮೆರಿಕದಲ್ಲಿ ಹುಟ್ಟಿದೆ. ನಮ್ಮದು ಭಾರತದ ಪಾಸ್‌ಪೋರ್ಟ್. ಊರಿಗೆ ಕರೆತರಲು ಏನು ಬೇಕು?

ಅಲ್ಲಿ ಹುಟ್ಟಿದ ಮಗು ಆ ದೇಶದ ಪ್ರಜೆ. ಮೊದಲು ಅದರ ಪಾಸ್‌ಪೋರ್ಟ್ ಮಾಡಿಸಬೇಕು, ಅರ್ಜಿ ಕೊಡುವಾಗ ತಂದೆ ತಾಯಿ ಇಬ್ಬರೂ ಮಗುವಿನೊಂದಿಗೆ ಹೋಗಬೇಕು. ಆಮೇಲೆ ಭಾರತಕ್ಕೆ ಬರಲು ವೀಸಾ ಅಥವಾ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್ ಬೇಕು. ತಾಯಿ ಭಾರತೀಯಳಾದ್ದರಿಂದ ಮಗುವಿಗೆ ಏನೂ ಬೇಡ ಎಂದುಕೊಂಡು ಟಿಕೆಟ್ ಕಾಯ್ದಿರಿಸಿದವರನ್ನು ನಾನು ಬಲ್ಲೆ. ತಾಯಿಯ ವೀಸಾವಾಗಲಿ ಪೌರತ್ವವಾಗಲಿ ಮಗುವಿನ ಪ್ರಯಾಣಕ್ಕೆ ಒದಗುವುದಿಲ್ಲ. ಹಾದಿಯಲ್ಲಿ ವಿಮಾನ ಬದಲಿಸುವ ದೇಶದ ನಿಯಮವನ್ನೂ ಮಗುವಿನ ಹೆಸರಿನಲ್ಲೇ ಪ್ರತ್ಯೇಕವಾಗಿ ನೋಡಬೇಕು.

ಗಂಡ ಜೊತೆಗಿಲ್ಲ. ಒಬ್ಬಳೇ ಮಗುವನ್ನು ಕರೆದೊಯ್ಯಲು ಒಪ್ಪಿಗೆ ಪತ್ರ ಬೇಕೇ?

ಎಲ್ಲ ಕಡೆಯೂ ಕೇಳುವುದಿಲ್ಲ, ಆದರೆ ಇಟ್ಟುಕೊಳ್ಳಿ. ಗಂಡ ಸಹಿ ಮಾಡಿ ನೋಟರಿ ಮಾಡಿಸಿದ ಇಂಗ್ಲಿಷ್ ಪತ್ರ, ಅದರಲ್ಲಿ ಪ್ರಯಾಣದ ದಿನಾಂಕಗಳು, ಅವರ ಫೋನ್ ಸಂಖ್ಯೆ. ಜೊತೆಗೆ ಜನನ ಪ್ರಮಾಣಪತ್ರದ ಪ್ರತಿ. ನನ್ನ ಹೆಸರಿಗೂ ಮಗಳ ಹೆಸರಿಗೂ ಸಂಬಂಧವೇ ಕಾಣುತ್ತಿರಲಿಲ್ಲ. ಬಾಸ್ಟನ್‌ನಲ್ಲಿ ಅಧಿಕಾರಿ ಕೇಳಿದ್ದು ಆ ಒಂದು ಕಾಗದವನ್ನೇ.

ಮಗುವಿಗೆ ಟಿಕೆಟ್ ಬೇಕೇ? ಪ್ರತ್ಯೇಕ ಸೀಟು ಕೊಳ್ಳಬೇಕೇ?

ಟಿಕೆಟ್ ಬೇಕೇ ಬೇಕು. ಎರಡು ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದಾದರೆ ಅಂತರರಾಷ್ಟ್ರೀಯ ಹಾರಾಟಗಳಲ್ಲಿ ದೊಡ್ಡವರ ದರದ ಸುಮಾರು ಶೇಕಡ 10ರಷ್ಟು, ಮೇಲೆ ತೆರಿಗೆ. ಪ್ರವಾಸದ ನಡುವೆ ಎರಡನೆಯ ಹುಟ್ಟುಹಬ್ಬ ಬಂದರೆ ಮರಳುವಾಗ ಸೀಟು ಕೊಳ್ಳಬೇಕಾಗುತ್ತದೆ. ಒಬ್ಬರು ಒಂದೇ ಮಗುವನ್ನು ತೊಡೆಯ ಮೇಲಿಟ್ಟುಕೊಳ್ಳಬಹುದು. ಅವಳಿ ಮಕ್ಕಳೊಂದಿಗೆ ಒಬ್ಬರೇ ಹೊರಟರೆ ಎರಡನೆಯದಕ್ಕೆ ಸೀಟು, ಅದಕ್ಕೊಪ್ಪುವ ಮಕ್ಕಳ ಆಸನ ಎರಡೂ ಬೇಕು.

ಹಣ ಇದ್ದವರಿಗೆ ನನ್ನ ಸಲಹೆ, ಸೀಟು ಕೊಂಡು ಕಾರಿನ ಮಕ್ಕಳ ಆಸನವನ್ನು ಅದಕ್ಕೆ ಬಿಗಿಯಿರಿ. ಗಾಳಿಯ ಹೊಯ್ದಾಟ ಜೋರಾದಾಗ ತೋಳಿನ ಬಲ ಸಾಲುವುದಿಲ್ಲ. ಅಮೆರಿಕದ ವಿಮಾನಯಾನ ಪ್ರಾಧಿಕಾರ ಬಲವಾಗಿ ಶಿಫಾರಸು ಮಾಡುವುದೂ ಇದನ್ನೇ. ನನಗೆ ಎರಡು ಸಲವೂ ಅಷ್ಟು ಅನುಕೂಲವಿರಲಿಲ್ಲ, ತೊಡೆಯೇ ಗತಿಯಾಯಿತು.

ವಿಮಾನದಲ್ಲಿ ತೊಟ್ಟಿಲು ಸಿಗುತ್ತದೆಯಂತೆ. ಹೇಗೆ ಕೇಳಬೇಕು?

ದೂರ ಹಾರುವ ದೊಡ್ಡ ವಿಮಾನಗಳಲ್ಲಿ ಸಿಗುತ್ತದೆ. ಮುಂದೆ ಗೋಡೆ ಬರುವ ಸಾಲಿನಲ್ಲಿ ಆ ಗೋಡೆಗೇ ಸಿಕ್ಕಿಸುತ್ತಾರೆ. ವಿಮಾನದವರು ಅದನ್ನು ಬ್ಯಾಸಿನೆಟ್ ಎನ್ನುತ್ತಾರೆ. ಸಂಖ್ಯೆ ಬಹಳ ಕಡಿಮೆ, ಆದ್ದರಿಂದ ಟಿಕೆಟ್ ಕೊಂಡ ದಿನವೇ ಫೋನ್ ಮಾಡಿ ಕೇಳಿ, ಹೊರಡುವ ಎರಡು ದಿನ ಮೊದಲು ಮತ್ತೆ ಕೇಳಿ. ತೂಕದ ಮಿತಿ ಒಂದೊಂದು ಸಂಸ್ಥೆಯಲ್ಲಿ ಒಂದೊಂದು, 10ರಿಂದ 14 ಕಿಲೋ ಆಸುಪಾಸು. ಉದ್ದದ ಮಿತಿಯೂ ಉಂಟು.

ಒಂದು ವಿಷಯವನ್ನು ಮೊದಲೇ ತಿಳಿದಿರಿ. ಏರುವಾಗ, ಇಳಿಯುವಾಗ ಮತ್ತು ಸೀಟ್‌ಬೆಲ್ಟ್ ದೀಪ ಹೊತ್ತಿದಾಗಲೆಲ್ಲ ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಳ್ಳಬೇಕು. ಮಗಳನ್ನು ಮಲಗಿಸಿ ಇಪ್ಪತ್ತು ನಿಮಿಷವಾಗಿತ್ತು, ದೀಪ ಹೊತ್ತಿತು. ಎತ್ತಿಕೊಂಡೆ, ಎಚ್ಚರವಾಯಿತು, ಅತ್ತಳು. ಮತ್ತೆ ಮಲಗಿಸಿದೆ, ಮತ್ತೆ ದೀಪ. ಆ ರಾತ್ರಿ ಹೀಗೆ ನಾಲ್ಕು ಸಲ. ಆದರೂ ತೊಟ್ಟಿಲು ಬೇಕು. ಎರಡು ಕೈಯೂ ಬಿಡುವಾಗಿ ಒಂದು ತುತ್ತು ಉಣ್ಣಲು ಅದೊಂದೇ ದಾರಿ.

ಗಂಡ ಹೆಂಡತಿ, ಇಬ್ಬರ ತೊಡೆಯ ಮೇಲೂ ಒಂದೊಂದು ಮಗು. ಅಕ್ಕಪಕ್ಕ ಕೂರಬಹುದೇ?

ಹಲವು ವಿಮಾನಗಳಲ್ಲಿ ಆಗುವುದಿಲ್ಲ. ತುರ್ತು ಆಮ್ಲಜನಕದ ಮುಖವಾಡಗಳು ಒಂದು ಗುಂಪಿನ ಸೀಟುಗಳಿಗೆ ಸಾಮಾನ್ಯವಾಗಿ ಒಂದೇ ಹೆಚ್ಚು ಇರುತ್ತವೆ. ನಡುವಿನ ಓಣಿಯ ಆಚೆ ಈಚೆ ಕೂರಿ.

ಯಾವ ವೇಳೆಯ ವಿಮಾನ ಒಳ್ಳೆಯದು? ನೇರವೋ, ನಡುವೆ ಇಳಿಯುವುದೋ?

ಬೆಂಗಳೂರಿನಿಂದ ಯುರೋಪಿನ ಕಡೆಗೆ ಹಾರುವ ವಿಮಾನಗಳಲ್ಲಿ ಹಲವು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಬೆಂಗಳೂರಿನ ಹೊರಗಿನ ಊರಿನವರಿಗೆ ಪ್ರಯಾಣ ಇನ್ನೂ ಉದ್ದ. ನಾವು ಮೈಸೂರಿನಿಂದ ಸಂಜೆ ಹೊರಟು, ನಾಲ್ಕೈದು ಗಂಟೆ ರಸ್ತೆ ಕಳೆದು ದೇವನಹಳ್ಳಿ ಮುಟ್ಟುವಾಗ ಮಗು ಆಗಲೇ ಒಂದು ಪ್ರಯಾಣ ಮುಗಿಸಿರುತ್ತದೆ. ಮೈಸೂರಿನಿಂದ ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಚೆನ್ನಾಗಿದೆ, ಆದರೆ ಕೂಸಿನ ಜೊತೆ ನಾನು ಕಾರನ್ನೇ ಆರಿಸುತ್ತೇನೆ. ಬೇಕಾದಾಗ ನಿಲ್ಲಿಸಿ ಹಾಲೂಡಿಸಬಹುದು. ಸಾಧ್ಯವಿದ್ದವರು ಹಿಂದಿನ ದಿನವೇ ಬೆಂಗಳೂರಿನ ನೆಂಟರ ಮನೆಗೆ ಬಂದು ಮಧ್ಯಾಹ್ನ ಮಲಗಿಸಿ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತಿವೆ, ಇದನ್ನು ಕಾರಿನವರಿಗೆ ಮೊದಲೇ ಹೇಳಿ.

ನೇರ ವಿಮಾನವೋ ನಡುವಿನ ನಿಲುಗಡೆಯೋ ಎಂಬುದಕ್ಕೆ ನನ್ನ ಉತ್ತರ ಒಂದೇ: ಆರು ತಿಂಗಳೊಳಗಿನ ಮಗುವಾದರೆ ನೇರ, ಹರಿದಾಡುವ ಮಗುವಾದರೆ ನಿಲುಗಡೆ. ನಿಲುಗಡೆ ಮೂರು ಗಂಟೆಗಿಂತ ಕಡಿಮೆ ಇರಬಾರದು. ಒಂದೂವರೆ ಗಂಟೆಯಲ್ಲಿ ಮತ್ತೊಂದು ಭದ್ರತಾ ತಪಾಸಣೆ ಮುಗಿಸಿ, ಡಯಾಪರ್ ಬದಲಿಸಿ, ಹಾಲು ಕೊಟ್ಟು, ದೂರದ ಗೇಟಿಗೆ ನಡೆಯುವುದು ಒಬ್ಬಳಿಂದ ಆಗದು.

100 ಮಿಲಿ ಲೀಟರ್ ನಿಯಮ ಮಗುವಿನ ಹಾಲಿಗೂ ಅನ್ವಯಿಸುತ್ತದೆಯೇ?

ಇಲ್ಲ. ಮಗುವಿನ ಹಾಲು, ಹಿಂಡಿಟ್ಟ ಎದೆಹಾಲು, ಮಗುವಿನ ಆಹಾರ, ಔಷಧಿ ಪ್ರಯಾಣಕ್ಕೆ ತಕ್ಕಷ್ಟು ಒಯ್ಯಬಹುದು. ಎಲ್ಲವನ್ನೂ ಒಂದು ಚೀಲದಲ್ಲಿಟ್ಟು ತಪಾಸಣೆಗೆ ಮೊದಲೇ ಹೊರತೆಗೆದು ತೋರಿಸಿ. ಮಗುವನ್ನು ಎದೆಗೆ ಕಟ್ಟಿಕೊಂಡಿದ್ದರೆ ಬಿಚ್ಚಿಸುತ್ತಾರೆ. ಬೆಳ್ಳಿಯ ಉಡಿದಾರ, ಕಾಲ್ಗೆಜ್ಜೆ ಇದ್ದರೆ ಯಂತ್ರ ಕೂಗುತ್ತದೆ. ಅವನ್ನು ಮನೆಯಲ್ಲೇ ಬಿಚ್ಚಿ ಪುಟ್ಟ ಪರ್ಸಿನಲ್ಲಿಡಿ.

ತವರಿನಲ್ಲಿ ಮಡಿಲು ತುಂಬಿ ಕಳಿಸುತ್ತಾರೆ. ಅದನ್ನೆಲ್ಲ ಒಯ್ಯಬಹುದೇ?

ಬರೆಯುವಾಗ ನನ್ನ ಕಣ್ಣು ತುಂಬುವ ಪ್ರಶ್ನೆ ಇದೊಂದೇ. ಅಮ್ಮ ಮಡಿಲಿಗೆ ಹಾಕಿದ ಅಕ್ಕಿ, ಕೊಬ್ಬರಿ ಗಿಟುಕು, ಎಲೆಅಡಿಕೆ, ಬೆಲ್ಲ ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಗಂಡನ ಮನೆಯ ದೇವರ ಮುಂದೆ ಬಿಚ್ಚಬೇಕು ಎಂಬುದು ಪದ್ಧತಿ. ಆದರೆ ಒಣಕೊಬ್ಬರಿಯನ್ನು ಲಗೇಜಿನಲ್ಲಿ ಇಡುವುದು ಭಾರತದಲ್ಲಿ 2022ರಿಂದ ನಿಷಿದ್ಧ. ಅದರ ಎಣ್ಣೆಯ ಅಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿದೆ. ಅಕ್ಕಿಯಲ್ಲಿ ಸೇರಿಕೊಳ್ಳುವ ಖಾಪ್ರಾ ಎಂಬ ಹುಳುವಿನ ಭಯದಿಂದ ಅಮೆರಿಕ ನಮ್ಮ ದೇಶದಿಂದ ಪ್ರಯಾಣಿಕರು ತರುವ ಅಕ್ಕಿಯನ್ನು ಒಳಗೆ ಬಿಡುವುದಿಲ್ಲ. ಹಸಿ ಹಣ್ಣು, ಎಲೆ, ಬೀಜಗಳಿಗೂ ಅಡ್ಡಿಯಿದೆ. ನಾನು ಮಡಿಲಕ್ಕಿಯನ್ನು ಮೈಸೂರಿನ ದೇವರ ಮುಂದೆಯೇ ಬಿಚ್ಚಿಟ್ಟು, ಅರಿಶಿನ ಕುಂಕುಮದ ಪೊಟ್ಟಣ ಮತ್ತು ರವಿಕೆ ಕಣವನ್ನು ಒಯ್ದೆ. ಅಮ್ಮ ಅದಕ್ಕೆ ಒಪ್ಪಿದರು.

ಗಸಗಸೆಯ ವಿಷಯ ಬೇರೆ, ಅದನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಪಾಯಸಕ್ಕೆಂದೋ, ಮಗುವಿಗೆ ನಿದ್ದೆ ಬರಲೆಂದೋ ಹಿರಿಯರು ಒಂದು ಪೊಟ್ಟಣ ಸೇರಿಸಿಬಿಡುತ್ತಾರೆ. ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾಗಳಲ್ಲಿ ಗಸಗಸೆ ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ. ದುಬೈ, ಅಬುಧಾಬಿಯಲ್ಲಿ ವಿಮಾನ ಬದಲಿಸುವವರು ಗಸಗಸೆಯ ಒಂದು ಕಾಳೂ ಇಲ್ಲದಂತೆ ಚೀಲ ನೋಡಿಕೊಳ್ಳಿ. ಮನೆಯಲ್ಲಿ ಯಾರು ಏನು ಸೇರಿಸಿದರು ಎಂದು ಹೊರಡುವ ಮುನ್ನ ನೀವೇ ಬಿಚ್ಚಿ ನೋಡಿ.

ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ನಾನು ಒಯ್ದಿದ್ದೇನೆ. ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು, ಇಳಿದ ಮೇಲೆ ಆಹಾರ ಇದೆ ಎಂದು ಬಾಯಿಬಿಟ್ಟು ಹೇಳಿದೆ. ಹೇಳಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಹೇಳದೆ ಸಿಕ್ಕಿಬಿದ್ದರೆ ದಂಡ.

ಕೈಚೀಲದಲ್ಲಿ ಏನೇನು ಇರಬೇಕು?

ಬಾಗಿಲಿನಿಂದ ಬಾಗಿಲಿಗೆ ಎಷ್ಟು ಗಂಟೆಯೋ ಲೆಕ್ಕ ಹಾಕಿ, ಎರಡು ಗಂಟೆಗೊಂದರಂತೆ ಡಯಾಪರ್, ಮೇಲೆ ಆರು. ಮಗುವಿಗೆ ಮೂರು ಜೊತೆ ಬಟ್ಟೆ, ಒಂದೊಂದು ಜೊತೆಯನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ. ಕೊಳೆ ಬಟ್ಟೆ ಅದೇ ಚೀಲಕ್ಕೆ ಹೋಗುತ್ತದೆ. ನಿಮಗೂ ಒಂದು ಜೊತೆ. ಇದನ್ನು ಎಲ್ಲರೂ ಮರೆಯುತ್ತಾರೆ, ಮಗು ಕಕ್ಕುವುದು ನಿಮ್ಮ ಮೇಲೆಯೇ. ಕುಲಾವಿ, ಕಾಲುಚೀಲ, ವೈದ್ಯರು ಹೇಳಿದ ಅಳತೆ ಬರೆದ ಪ್ಯಾರಸಿಟಮಾಲ್ ಹನಿ, ಮೂಗಿಗೆ ಉಪ್ಪುನೀರಿನ ಹನಿ. ವಿಮಾನದ ಗಾಳಿ ಬಹಳ ಒಣ, ತೇವಾಂಶ ಶೇಕಡ 20ಕ್ಕಿಂತಲೂ ಕಡಿಮೆ. ಮೂಗು ಕಟ್ಟಿದ ಮಗು ಹಾಲು ಕುಡಿಯಲಾರದೆ ಅಳುತ್ತದೆ.

ಎಲ್ಲಕ್ಕಿಂತ ಮುಖ್ಯ, ಅಮ್ಮನ ಹಳೆಯ ಹತ್ತಿ ಸೀರೆ ಒಂದು. ಅದು ಹಾಸಿಗೆ, ಹೊದಿಕೆ, ಹಾಲೂಡಿಸುವಾಗ ಮರೆ, ಕಕ್ಕಿದಾಗ ಒರೆಸುವ ಬಟ್ಟೆ. ಮನೆಯ ವಾಸನೆ ಅದರಲ್ಲಿರುತ್ತದೆ. ಮಗಳು ಆ ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದೇ ಅಟ್ಲಾಂಟಿಕ್ ದಾಟಿದಳು.

ವಿಮಾನ ಇಳಿಯುವಾಗ ಮಗು ಚೀರುತ್ತದೆ. ಕಿವಿಗೆ ಏನು ಮಾಡಬೇಕು?

ಕಿವಿಯ ಒಳಗಿನಿಂದ ಗಂಟಲಿಗೆ ಒಂದು ಸಣ್ಣ ನಾಳವಿದೆ. ವಿಮಾನ ಏರುವಾಗ ಒಳಗಿನ ಗಾಳಿ ಹಿಗ್ಗಿ ಆ ನಾಳದ ಮೂಲಕ ಸುಲಭವಾಗಿ ಹೊರಬರುತ್ತದೆ. ಇಳಿಯುವಾಗ ಹಾಗಲ್ಲ. ಹೊರಗಿನ ಒತ್ತಡ ಏರುತ್ತಾ ಹೋಗಿ ಕಿವಿತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ನಾಳ ಮುಚ್ಚಿಕೊಂಡೇ ಇರುತ್ತದೆ. ಮಕ್ಕಳಲ್ಲಿ ಅದು ಇನ್ನೂ ಕಿರಿದು, ಹೆಚ್ಚು ಅಡ್ಡವಾಗಿಯೂ ಇರುತ್ತದೆ. ನುಂಗಿದಾಗ ನಾಳ ತೆರೆಯುತ್ತದೆ. ನಾವು ಆಕಳಿಸಬಲ್ಲೆವು, ಉಗುಳು ನುಂಗಬಲ್ಲೆವು. ಮಗುವಿಗೆ ನುಂಗಿಸುವವರು ನಾವೇ ಆಗಬೇಕು.

ಆದ್ದರಿಂದ ಏರುವಾಗ ಹಾಲು ಕೊಡಲೇಬೇಕೆಂದು ಹಟ ಹಿಡಿಯಬೇಡಿ. ಮಲಗಿದ್ದರೆ ಮಲಗಲಿ. ಇಳಿಯುವಾಗ ಮಾತ್ರ ತಪ್ಪಿಸಬೇಡಿ. ದೂರದ ವಿಮಾನಗಳು ನೆಲ ಮುಟ್ಟುವ ಅರ್ಧ ಗಂಟೆ ಮೊದಲೇ ಇಳಿಯತೊಡಗುತ್ತವೆ. ಎಂಜಿನ್ ಸದ್ದು ಸಣ್ಣಗಾಗುತ್ತದೆ, ನಿಮ್ಮ ಕಿವಿಯೇ ತುಸು ಗುಂಯ್ ಎನ್ನುತ್ತದೆ. ಆಗ ಶುರು ಮಾಡಿ. ಅದಕ್ಕೆ ಒಂದು ಗಂಟೆ ಮೊದಲು ಹೊಟ್ಟೆ ತುಂಬಿಸಿಬಿಟ್ಟರೆ ಬೇಕಾದಾಗ ಮಗು ಕುಡಿಯುವುದಿಲ್ಲ. ನಾನು ಮಗಳ ವಿಷಯದಲ್ಲಿ ಫ್ರಾಂಕ್‌ಫರ್ಟ್ ಬರುವಾಗ ಮಾಡಿದ ತಪ್ಪು ಇದು, ಅವಳ ಆ ಅಳು ಇನ್ನೂ ನನ್ನ ಕಿವಿಯಲ್ಲಿದೆ. ಬಾಸ್ಟನ್ ಬರುವಾಗ ಕಾಯ್ದೆ, ಅವಳು ಎದೆಗೆ ಅಂಟಿಕೊಂಡೇ ಇಳಿದಳು. ಎದೆಹಾಲು, ಬಾಟಲಿ, ನಿಪ್ಪಲ್ ಯಾವುದಾದರೂ ಸರಿ. ಮಗು ಗಾಢ ನಿದ್ದೆಯಲ್ಲಿದ್ದರೂ ಮೆಲ್ಲಗೆ ಎಬ್ಬಿಸಿ, ತಲೆ ಮೇಲಾಗಿ ಹಿಡಿದು ಕುಡಿಸಿ. ಕಿವಿ ಸೋರುತ್ತಿದ್ದರೆ, ನೆಗಡಿ ಬಲವಾಗಿದ್ದರೆ ಹೊರಡುವ ಮೊದಲೇ ವೈದ್ಯರಿಗೆ ತೋರಿಸಿ. ಕಿವಿಗೆ ಬಿಸಿ ಎಣ್ಣೆ ಹಾಕುವುದು ಬೇಡ.

ಒಣ ಗಾಳಿಯಲ್ಲಿ ಮಗುವಿಗೆ ಬಾಯಾರಿದರೆ ನೀರು ಕೊಡಬಹುದೇ?

ಆರು ತಿಂಗಳೊಳಗಿನ ಮಗುವಿಗೆ ಬೇಡ. ಹಾಲನ್ನೇ ಹೆಚ್ಚು ಸಲ ಕೊಡಿ, ನೀರನ್ನು ತಾಯಿ ಕುಡಿಯಲಿ.

ಹಿಂಡಿಟ್ಟ ಎದೆಹಾಲು ಸಾಧಾರಣ ತಂಪಿನಲ್ಲಿ ನಾಲ್ಕು ಗಂಟೆ ಇರುತ್ತದೆ, ಮಂಜುಗಡ್ಡೆಯ ಪೊಟ್ಟಣಗಳಿರುವ ಚೀಲದಲ್ಲಿ 24 ಗಂಟೆ. ಪುಡಿ ಹಾಲಾದರೆ ಅಳತೆಯ ಪುಡಿಯನ್ನು ಒಂದೊಂದು ಹೊತ್ತಿಗೆ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಗಗನಸಖಿಯರಿಂದ ಬಿಸಿನೀರು ಕೇಳಿ. 70 ಡಿಗ್ರಿಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಕಲಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಆರಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಮಗು ಅತ್ತ ಮೇಲೆ ಕೇಳಬೇಡಿ, ಇಪ್ಪತ್ತು ನಿಮಿಷ ಮೊದಲೇ ಕೇಳಿ. ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡದೆ ಕುಡಿಸಬೇಡಿ. ಮಗು ಕುಡಿದು ಉಳಿಸಿದ್ದನ್ನು ಮುಂದಿನ ಹೊತ್ತಿಗೆ ಇಡಬೇಡಿ.

ನಿದ್ದೆ ಬರಿಸುವ ಸಿರಪ್ ಕೊಟ್ಟರೆ ಎಲ್ಲರಿಗೂ ನೆಮ್ಮದಿ ಅಲ್ಲವೇ? ನಮ್ಮ ಅಜ್ಜಿ ಬಜೆ ತೇಯ್ದು ನೆಕ್ಕಿಸು ಎನ್ನುತ್ತಾರೆ.

ಕೊಡಬೇಡಿ. ಈ ಪ್ರಶ್ನೆಗೆ ನನ್ನಲ್ಲಿ ಮೆದುವಾದ ಉತ್ತರವಿಲ್ಲ.

ನೆಗಡಿಯ ಸಿರಪ್ಪುಗಳು ಮಂಪರು ತರುತ್ತವೆ ಎಂದು ಅವನ್ನು ನಿದ್ದೆಗೆ ಬಳಸುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆ ಮುದ್ರಿಸಲು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದರು. ಮಂಪರಿನ ಔಷಧ ಪುಟ್ಟ ಮಗುವಿನ ಉಸಿರಾಟವನ್ನು ಕುಗ್ಗಿಸಬಲ್ಲದು. ಇನ್ನು ಕೆಲವು ಮಕ್ಕಳಿಗೆ ಅದು ತಿರುಗಿ ಹೊಡೆದು ನಿದ್ದೆಯ ಬದಲು ರಂಪ ತರುತ್ತದೆ. ಮನೆಯಲ್ಲಾದರೆ ಆಸ್ಪತ್ರೆಗೆ ಓಡಬಹುದು, ಅಲ್ಲಿ ಎಲ್ಲಿಗೆ ಓಡುತ್ತೀರಿ? ಬಜೆ, ಗಸಗಸೆಯ ಮಾತೂ ಅಷ್ಟೇ. ಎಷ್ಟು ತೇಯ್ದರೆ ಎಷ್ಟು ಒಳಗೆ ಹೋಯಿತು ಎಂಬ ಅಳತೆ ಯಾರಿಗೂ ಇಲ್ಲ. ಅಜ್ಜಿಯ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ, ಅವರ ಜೋಗುಳವನ್ನು ಒಯ್ಯಿರಿ. ಮೊಬೈಲ್‌ನಲ್ಲಿ ಅವರ ದನಿ ಮುದ್ರಿಸಿಕೊಂಡು ಮಗುವಿನ ಹತ್ತಿರ ಮೆಲ್ಲಗೆ ಹಾಕಿದರೆ, ನನ್ನ ಮಗ ಅದಕ್ಕೆ ಮಲಗುತ್ತಿದ್ದ.

ಇನ್ನೊಂದು ಎಚ್ಚರಿಕೆ ತಾಯಿಗೆ. ಮಗುವನ್ನು ತೊಡೆಯ ಮೇಲೆ ಅಥವಾ ಸೀಟಿನ ಸಂದಿಯಲ್ಲಿ ಮಲಗಿಸಿಕೊಂಡು ನೀವೂ ನಿದ್ದೆಹೋಗಬೇಡಿ. ಮುಖ ಬಟ್ಟೆಗೆ ಒತ್ತಿಕೊಂಡರೆ ಮಗುವಿಗೆ ಉಸಿರು ಕಟ್ಟುತ್ತದೆ. ತೊಟ್ಟಿಲಿಗೆ ಹಾಕಿ, ಇಲ್ಲವೇ ಗಂಡನೋ ಅತ್ತೆಯೋ ಎಚ್ಚರವಿದ್ದು ನೋಡಿಕೊಳ್ಳಲಿ.

ಮಗು ಅತ್ತರೆ ಸುತ್ತಲಿನವರು ಬೈಯುತ್ತಾರೆ ಎಂಬ ಭಯ. ಏನು ಮಾಡಲಿ?

ಮಗು ಅಳುತ್ತದೆ. ಅಳುವುದು ಅದರ ಮಾತು. ಹಸಿವೋ, ಒದ್ದೆಯೋ, ಕಿವಿಯೋ, ಸೆಕೆಯೋ, ಬರೀ ದಣಿವೋ ಎಂದು ಸಾಲಾಗಿ ನೋಡಿ. ಇವೆಲ್ಲ ಮುಗಿದರೂ ನಿಲ್ಲದಿದ್ದರೆ ಎದೆಗೆ ಕಟ್ಟಿಕೊಂಡು ಹಿಂಭಾಗದ ಅಡುಗೆಕೋಣೆಯ ಬಳಿ ನಿಂತು ತೂಗಿ. ಎಂಜಿನ್‌ನ ಒಂದೇ ಸಮನೆಯ ಮೊರೆತಕ್ಕೆ ಹಲವು ಮಕ್ಕಳು ಸುಮ್ಮನಾಗುತ್ತವೆ.

ನೆರೆಯವರ ಮುಖ ನೋಡುತ್ತಾ ಕೂತರೆ ತಾಯಿಯ ಎದೆ ಬಡಿತ ಏರುತ್ತದೆ, ಆ ಕಂಪನ ಮಗುವಿಗೆ ತಿಳಿಯುತ್ತದೆ. ಕೆಲವರು ಪಕ್ಕದವರಿಗೆ ಚಾಕೊಲೇಟ್ ಮತ್ತು ಕ್ಷಮೆಯ ಚೀಟಿ ಹಂಚುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಟಿಕೆಟ್ ಕೊಂಡು ಕೂತ ಮಗು ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ. ಕೂರುವಾಗ ಒಂದು ನಗು, ಒಂದು ನಮಸ್ಕಾರ ಸಾಕು. ಫ್ರಾಂಕ್‌ಫರ್ಟ್ ಬರುವಾಗ ಮಗಳು ಚೀರುತ್ತಿದ್ದಾಗ ಮುಂದಿನ ಸಾಲಿನವರೊಬ್ಬರು ತಿರುಗಿ ತಿರುಗಿ ನೋಡಿದರು. ಅದೇ ಹೊತ್ತಿಗೆ ಓಣಿಯಾಚೆಯ ಹುಬ್ಬಳ್ಳಿಯ ತಾಯಿಯೊಬ್ಬರು 'ಇಲ್ಲಿ ಕೊಡವ್ವಾ, ನೀ ಒಂದೀಟು ನೀರು ಕುಡಿ' ಎಂದು ಕೈ ಚಾಚಿದರು. ನಾನು ಅವರನ್ನು ನೆನೆಯುತ್ತೇನೆ. ಮತ್ತೊಬ್ಬರ ಮುಖ ಮರೆತುಹೋಗಿದೆ.

ಡಯಾಪರ್ ಎಲ್ಲಿ ಬದಲಿಸುವುದು?

ಕೆಲವು ಶೌಚಾಲಯಗಳಲ್ಲಿ ಮಡಚುವ ಹಲಗೆ ಇರುತ್ತದೆ, ಯಾವುದರಲ್ಲಿ ಎಂದು ಹತ್ತಿದ ಕೂಡಲೇ ಕೇಳಿಟ್ಟುಕೊಳ್ಳಿ. ಊಟದ ಗಾಡಿ ಹೊರಡುವ ಮುನ್ನ ಹೋಗಿಬನ್ನಿ. ಗಾಡಿ ಓಣಿಯಲ್ಲಿದ್ದರೆ ದಾರಿಯೇ ಇರುವುದಿಲ್ಲ.

ಅತ್ತೆ ಮಾವ ಜೊತೆಗೆ ಬರುತ್ತಿದ್ದಾರೆ, ಅವರಿಗೆ ವೀಲ್‌ಚೇರ್ ಹೇಳಿದ್ದೇವೆ. ತೊಂದರೆಯಾಗುತ್ತದೆಯೇ?

ವೀಲ್‌ಚೇರಿನವರು ಹಿರಿಯರನ್ನು ಬೇರೆ ದಾರಿಯಲ್ಲಿ ಕರೆದೊಯ್ದು, ನೀವು ಮಗುವಿನೊಂದಿಗೆ ಇನ್ನೊಂದು ಕಡೆ ಸಿಲುಕಬಹುದು. ಮಗುವಿನ ಹಾಲಿನ ಚೀಲ, ಪಾಸ್‌ಪೋರ್ಟ್ ನಿಮ್ಮ ಮೈಮೇಲೆಯೇ ಇರಲಿ, ಅವರ ಕೈಗೆ ಕೊಡಬೇಡಿ. ಅವರ ಜೇಬಿನಲ್ಲಿ ನಿಮ್ಮ ಹೆಸರು, ಫೋನ್ ಸಂಖ್ಯೆ, ಮುಂದಿನ ವಿಮಾನದ ಸಂಖ್ಯೆ ಬರೆದ ಚೀಟಿ ಇಡಿ.

ತಳ್ಳುಗಾಡಿ ಒಯ್ಯಬೇಕೇ?

ಮಡಚಿದರೆ ಚಿಕ್ಕದಾಗುವುದಿದ್ದರೆ ಒಯ್ಯಿರಿ, ಸಾಮಾನ್ಯವಾಗಿ ವಿಮಾನದ ಬಾಗಿಲವರೆಗೆ ಬಿಡುತ್ತಾರೆ. ನಡುವಿನ ನಿಲ್ದಾಣದಲ್ಲಿ ಬಾಗಿಲಲ್ಲೇ ಮರಳಿ ಕೊಡುತ್ತಾರೋ ಇಲ್ಲವೋ ಎಂದು ಕೊಡುವಾಗಲೇ ಕೇಳಿ. ಒಂದು ಸಲ ನನ್ನದು ನೇರವಾಗಿ ಕೊನೆಯ ಊರಿಗೆ ಹೋಗಿಬಿಟ್ಟಿತ್ತು. ಎದೆಗೆ ಕಟ್ಟಿಕೊಳ್ಳುವ ಚೀಲವಂತೂ ಇರಲೇಬೇಕು.

ಇಳಿದ ಮೇಲೆ ಮನೆಗೆ ಹೋಗುವಾಗ?

ಅಮೆರಿಕದಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಹೋಗುವಂತಿಲ್ಲ. ಹಿಂದಕ್ಕೆ ಮುಖ ಮಾಡಿದ ಮಕ್ಕಳ ಆಸನ ಬೇಕು. ಕರೆದೊಯ್ಯಲು ಬರುವವರು ಅದನ್ನು ಹಿಂದಿನ ದಿನವೇ ಬಿಗಿದು ನೋಡಿರಲಿ. ಊರಿಗೆ ಬಂದಾಗಲೂ, ನಮ್ಮಲ್ಲಿ ಯಾರೂ ಕೇಳದಿದ್ದರೂ, ದೇವನಹಳ್ಳಿಯಿಂದ ಮೈಸೂರಿನವರೆಗೆ ಮಗ ತನ್ನ ಆಸನದಲ್ಲೇ ಬಂದ.

ಹಗಲು ರಾತ್ರಿ ಅದಲುಬದಲಾದರೆ ಎಷ್ಟು ದಿನದಲ್ಲಿ ಸರಿಹೋಗುತ್ತದೆ?

ಬಾಸ್ಟನ್‌ಗಿಂತ ನಮ್ಮ ಗಡಿಯಾರ ಬೇಸಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದು. ಎರಡು ಮೂರು ತಿಂಗಳ ಮಗುವಿಗೆ ಹಗಲು ರಾತ್ರಿಯ ಭೇದವೇ ಇನ್ನೂ ಬೇರೂರಿರುವುದಿಲ್ಲ, ಅದಕ್ಕೆ ತೊಂದರೆ ಕಡಿಮೆ. ದೊಡ್ಡದಕ್ಕೆ ಒಂದು ವಾರವಾದರೂ ಬೇಕು. ಬೆಳಗಿನ ಎಳೆ ಬಿಸಿಲಿಗೆ ಕರೆದೊಯ್ಯಿರಿ, ಹಗಲಿನ ನಿದ್ದೆಯನ್ನು ಬೆಳಕಿರುವ ಕೋಣೆಯಲ್ಲಿ ಮಾಡಿಸಿ, ಎರಡೂವರೆ ಗಂಟೆ ದಾಟಿದರೆ ಎಬ್ಬಿಸಿ. ರಾತ್ರಿ ಎರಡಕ್ಕೆ ಎದ್ದು ಆಡತೊಡಗಿದರೆ ದೀಪ ಹಾಕಬೇಡಿ, ಮಾತನಾಡಿಸಬೇಡಿ. ಹಸಿದಿದ್ದರೆ ಹಾಲು ಕೊಟ್ಟು ಕತ್ತಲಲ್ಲೇ ಪಕ್ಕದಲ್ಲಿರಿ.

ಊರಿಗೆ ಬಂದವರಿಗೆ ಇನ್ನೊಂದು ಮಾತು. ಮೊದಲ ನಾಲ್ಕೈದು ದಿನ ನೆಂಟರನ್ನು ಕರೆಯಬೇಡಿ. ನಮ್ಮ ಮನೆಯಲ್ಲಿ ಅಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಂದವರಿಗೆಲ್ಲ ಕಾಫಿ ಕೊಟ್ಟು, ಮಗು ಎದ್ದ ಮೇಲೆ ತೋರಿಸುತ್ತೇನೆ ಎಂದು ಜಗಲಿಯಲ್ಲೇ ಕೂರಿಸಿಕೊಂಡರು.